ದೀಪಾವಳಿಗೆ ಗಲ್ಲಾಪೆಟ್ಟಿಗೆ ಭರ್ತಿ, ಮಾರ್ಚ್‌ಗೆ ಕೈ ಖಾಲಿ: ನಾಲ್ಕು ಬಟ್ಟೆ ಅಂಗಡಿಗಳ ಲೆಕ್ಕ

ಪ್ರಶ್ನೆ: ನಾವು ಗದಗ ಕಡೆಯವರು, ಡೊಂಬಿವಲಿಯಲ್ಲಿ ರೆಡಿಮೇಡ್ ಬಟ್ಟೆ ವ್ಯಾಪಾರ. ಈಗ ಡೊಂಬಿವಲಿ, ಕಲ್ಯಾಣ, ಥಾಣೆ, ಪುಣೆಯ ಪಿಂಪ್ರಿ ಸೇರಿ ನಾಲ್ಕು ಅಂಗಡಿ, 26 ಜನ ಕೆಲಸದವರು. ಜಿಎಸ್‌ಟಿ ಬಿಟ್ಟು ವರ್ಷದ ವ್ಯಾಪಾರ 4.2 ಕೋಟಿ. ಸೇಲ್ ರಿಯಾಯಿತಿಯೆಲ್ಲ ಕಳೆದು ಮಾರ್ಜಿನ್ ಶೇ. 34. ಖರೀದಿ ಬೆಲೆಯಲ್ಲಿ ಕೈಯಲ್ಲಿರುವ ಮಾಲು 1.4 ಕೋಟಿ. ಗಣಪತಿಯಿಂದ ದೀಪಾವಳಿವರೆಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ, ಆದರೆ ಮಾರ್ಚ್ ಬಂದರೆ ಮಾಲಿನವರಿಗೆ (ನಮಗೆ ಬಟ್ಟೆ ಪೂರೈಸುವವರಿಗೆ) ಕೊಡಲು ದುಡ್ಡಿರುವುದಿಲ್ಲ. ಬೋನಸ್ ಕೈಗೆ ಬಿದ್ದ ವಾರವೇ ನಾಲ್ಕೈದು ಜನ ಬಿಟ್ಟುಹೋಗುತ್ತಾರೆ. ಒಂದೊಂದು ಅಂಗಡಿಯಲ್ಲಿ ಆರೇಳು ಜನ ಇರುವುದರಿಂದ ಪಿಎಫ್ ಬೇಕಿಲ್ಲ ಎಂದು ಲೆಕ್ಕಪತ್ರ ನೋಡುವವರು ಹೇಳಿದ್ದಾರೆ. ಈಗ ಥಾಣೆಯ ಮಾಲ್ ಒಂದರಲ್ಲಿ ಜಾಗ ಸಿಗುವಂತಿದೆ. ಐದನೇ ಅಂಗಡಿ ಹಾಕಬಹುದೇ?

ಉತ್ತರ: ಮಾಲ್ ಜಾಗದ ಮಾತು ಆಮೇಲೆ. ಮೊದಲು ನೀವೇ ಕೊಟ್ಟ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 4.2 ಕೋಟಿಯಲ್ಲಿ ಮಾರ್ಜಿನ್ ಕಳೆದರೆ ಮಾರಿಹೋದ ಮಾಲಿನ ಖರೀದಿ ಬೆಲೆ 2.77 ಕೋಟಿ. ಅಂಗಡಿಯಲ್ಲಿ ಕೂತಿರುವುದು 1.4 ಕೋಟಿ. ಅಂದರೆ ನಿಮ್ಮ ಮಾಲು ವರ್ಷಕ್ಕೆ ಎರಡೇ ಸಲ ತಿರುಗುತ್ತಿದೆ, ಒಳಬಂದ ಅಂಗಿ ಹೊರಹೋಗಲು ಸರಾಸರಿ ಆರು ತಿಂಗಳು. ಮೂರು ಸಲ ತಿರುಗಿಸಿದರೆ ಇದೇ ವ್ಯಾಪಾರಕ್ಕೆ 92 ಲಕ್ಷದ ಮಾಲು ಸಾಕು. ಮಿಕ್ಕ 48 ಲಕ್ಷ ಎಲ್ಲಿದೆ ಎಂದರೆ ಹ್ಯಾಂಗರ್‌ನಲ್ಲಿ ನೇತಾಡುತ್ತಿದೆ. ಮಾರ್ಚ್‌ನಲ್ಲಿ ನೀವು ಹುಡುಕುವ ದುಡ್ಡು ಅದೇ.

ಆ ದುಡ್ಡು ಅಲ್ಲಿ ಸಿಕ್ಕಿಬೀಳುವುದಕ್ಕೆ ದೊಡ್ಡ ಕಾರಣ ಸೇಲ್ ಶುರುಮಾಡುವ ದಿನ. ಬಹುತೇಕ ಅಂಗಡಿಗಳು ಎರಡರಲ್ಲೊಂದು ತಪ್ಪು ಮಾಡುತ್ತವೆ: ಓಡುವ ಮಾಲಿಗೆ ಹಬ್ಬದ ಮುಂಚೆಯೇ ರಿಯಾಯಿತಿ ಕೊಡುತ್ತವೆ, ಓಡದ ಮಾಲಿಗೆ ಐದು ತಿಂಗಳು ತಡಮಾಡುತ್ತವೆ.

ಸೇಲ್ ಬೋರ್ಡ್ ಯಾವತ್ತು ಹಾಕಬೇಕು

ಒಂದು ಕುರ್ತಿ ತೆಗೆದುಕೊಳ್ಳಿ. ಎಂಆರ್‌ಪಿ 1,050. ಅದರಲ್ಲಿ ಶೇ. 5 ಜಿಎಸ್‌ಟಿ ಕಳೆದರೆ ನಿಮಗೆ ಬರುವುದು 1,000. ಖರೀದಿ ಬೆಲೆ, ಜಿಎಸ್‌ಟಿ ಬಿಟ್ಟು, 550. ಪೂರ್ತಿ ಬೆಲೆಗೆ ಮಾರಿದರೆ 450 ಉಳಿಯುತ್ತದೆ. ಶೇ. 20 ರಿಯಾಯಿತಿ ಕೊಟ್ಟರೆ ಬರುವುದು 800, ಉಳಿಯುವುದು 250. ಗಿರಾಕಿಗೆ ಬಿಟ್ಟದ್ದು ಐದರಲ್ಲೊಂದು ಪಾಲು, ನಿಮ್ಮ ಕೈಬಿಟ್ಟದ್ದು ಹತ್ತಿರಹತ್ತಿರ ಅರ್ಧ. ಅಷ್ಟೇ ಲಾಭಕ್ಕೆ 100 ಪೀಸ್ ಮಾರುತ್ತಿದ್ದಲ್ಲಿ 180 ಮಾರಬೇಕು. ಶೇ. 40 ಬಿಟ್ಟರೆ ಪೀಸ್‌ಗೆ 50 ರೂಪಾಯಿ ಉಳಿಯುತ್ತದೆ. ಶೇ. 50 ಎಂದರೆ ಪೀಸ್‌ಗೆ 50 ರೂಪಾಯಿ ಕೈಯಿಂದ ಹಾಕಿ ಕಳಿಸಿದಂತೆ.

ಇದೇ ಕುರ್ತಿಯ 100 ಪೀಸ್ ತಂದಿದ್ದೀರಿ ಎನ್ನಿ. ಮೊದಲ ದಾರಿ: 55 ಪೂರ್ತಿ ಬೆಲೆಗೆ ಹೋಯಿತು, 45 ಉಳಿಯಿತು. 'ಮದುವೆ ಸೀಸನ್‌ಗೆ ಹೋಗಬಹುದು' ಎಂದು ಕಾದು, ಕೊನೆಗೆ ಫೆಬ್ರವರಿಯಲ್ಲಿ ಅರ್ಧ ಬೆಲೆಗೆ ಬಿಟ್ಟಿರಿ. 24,750ರಲ್ಲಿ 2,250 ಹೋಗಿ ಉಳಿದದ್ದು 22,500. ಎರಡನೇ ದಾರಿ: ಆರನೇ ವಾರಕ್ಕೆ 50 ಪೀಸ್ ಹೋಗಿತ್ತು, ಅಲ್ಲಿಗೇ ಶೇ. 20 ಇಳಿಸಿದಿರಿ, 35 ಹೋಯಿತು. ಮಿಕ್ಕ 15 ಶೇ. 40ಕ್ಕೆ ಹೋಯಿತು. 22,500, 8,750, 750 ಸೇರಿ 32,000. ಒಂದೇ ಡಿಸೈನ್‌ನಲ್ಲಿ 9,500 ರೂಪಾಯಿ ವ್ಯತ್ಯಾಸ. ಮೇಲೆ ದುಡ್ಡು ಮೂರು ತಿಂಗಳು ಮುಂಚೆ ಕೈಗೆ ಬಂತು.

ಹಾಗಾಗಿ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ಡಿಸೈನ್‌ಗೆ ಮಾಲು ಬಂದ ತಾರೀಖು ಇರಲೇಬೇಕು. ನಾಲ್ಕನೇ ವಾರದ ಕೊನೆಗೆ ಬಂದದ್ದರಲ್ಲಿ ಶೇ. 40 ಹೋಗಿರದಿದ್ದರೆ ಆ ಡಿಸೈನ್‌ನ ರಿಪೀಟ್ ಆರ್ಡರ್ ನಿಲ್ಲಿಸಿ, ಜಾಗ ಬದಲಿಸಿ, ಬಾಗಿಲ ಬಳಿಯ ಗೊಂಬೆಗೆ ತೊಡಿಸಿ. ಆರನೇ ವಾರಕ್ಕೂ ಅಲ್ಲಾಡದಿದ್ದರೆ ಮೊದಲ ಇಳಿಕೆ. ಇಳಿಸಬೇಕಾದದ್ದು ಆ ಡಿಸೈನ್ ಒಂದನ್ನೇ. ಇಡೀ ಅಂಗಡಿಗೆ 'ಫ್ಲ್ಯಾಟ್ 20' ಹಚ್ಚಿದರೆ, ಹೇಗೂ ಪೂರ್ತಿ ಬೆಲೆ ಕೊಡುತ್ತಿದ್ದ ಗಿರಾಕಿಗೂ ದುಡ್ಡು ವಾಪಸ್ ಕೊಟ್ಟ ಹಾಗೆ. 'ಎರಡು ಕೊಂಡರೆ ಒಂದು ಉಚಿತ' ಎಂಬುದು ಪೀಸ್ ಲೆಕ್ಕದಲ್ಲಿ ಶೇ. 33 ರಿಯಾಯಿತಿ, ಆದರೆ ಮೇಲಿನ ಕುರ್ತಿಯಲ್ಲಿ ಒಂದೇ ಬಿಲ್‌ಗೆ 350 ಉಳಿಸಿ ಮೂರು ಪೀಸ್ ಹೊರಹಾಕುತ್ತದೆ. ಹಳೇ ಮಾಲಿಗೆ ಒಳ್ಳೆಯದು, ಹೊಸದಕ್ಕೆ ಬೇಡ.

2026ರಲ್ಲಿ ಒಂದು ಹಳ್ಳ ಕಾದಿದೆ, ನೋಡಿಕೊಂಡು ದಾಟಿ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ ಬಂದು, ದೀಪಾವಳಿ ಅಕ್ಟೋಬರ್ ಮೂರನೇ ವಾರದಲ್ಲೇ ಇತ್ತು. 2026ರಲ್ಲಿ ಚೌತಿ ಸೆಪ್ಟೆಂಬರ್ 14, ಲಕ್ಷ್ಮೀಪೂಜೆ ನವೆಂಬರ್ 8. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 10ರವರೆಗೆ ಪಿತೃಪಕ್ಷ, ಹೊಸ ಬಟ್ಟೆಗೆ ಯಾರೂ ಕೈಹಾಕುವುದಿಲ್ಲ. ಅಕ್ಟೋಬರ್ ಮಧ್ಯದಲ್ಲಿ ಕಳೆದ ವರ್ಷದ ಅಕ್ಟೋಬರ್ ತೆಗೆದು ಹೋಲಿಸಿದರೆ ವ್ಯಾಪಾರ ಪಾತಾಳಕ್ಕೆ ಇಳಿದಂತೆ ಕಾಣುತ್ತದೆ. ಎದುರು ಅಂಗಡಿಯವನು ಹೆದರಿ ಸೇಲ್ ಬೋರ್ಡ್ ಹಾಕುತ್ತಾನೆ, ಅವನನ್ನು ನೋಡಿ ನೀವೂ. ಪೂರ್ತಿ ಬೆಲೆಗೆ ಹೋಗಬೇಕಿದ್ದ ಮಾಲು ಹಬ್ಬಕ್ಕೆ ಮೂರು ವಾರ ಇರುವಾಗಲೇ ಸೋವಿಯಲ್ಲಿ ಹೋಗಿಬಿಡುತ್ತದೆ. ತಿಂಗಳಿಗೆ ತಿಂಗಳು ಹೋಲಿಸಬೇಡಿ. 'ದೀಪಾವಳಿಗೆ 40 ದಿನ ಇರುವಾಗ, 30 ದಿನ ಇರುವಾಗ, 10 ದಿನ ಇರುವಾಗ' ಎಂದು ಹಬ್ಬದಿಂದ ಹಿಂದಕ್ಕೆ ಎಣಿಸಿದ ಪಟ್ಟಿ ಮಾಡಿಕೊಳ್ಳಿ.

ಇನ್ನೊಂದು ತುದಿಯಲ್ಲೂ ಇದರ ಏಟಿದೆ. ಮಾಲ್‌ಗಳ ದೊಡ್ಡ ಸೇಲ್ ಡಿಸೆಂಬರ್ ಕೊನೆಗೆ ಶುರುವಾಗುತ್ತದೆ. ಕಳೆದ ವರ್ಷ ಹಬ್ಬದ ಉಳಿಕೆ ಖಾಲಿಮಾಡಲು ಹತ್ತು ವಾರ ಇತ್ತು, ಈ ಸಲ ಏಳೇ ವಾರ. ಆದ್ದರಿಂದ ಹಬ್ಬದ ಖರೀದಿಯಲ್ಲಿ ಶೇ. 60 ಮಾತ್ರ ಮುಂಗಡ ಬುಕ್ ಮಾಡಿ, ಶೇ. 25 ನವರಾತ್ರಿಯ ಓಟ ನೋಡಿ ರಿಪೀಟ್‌ಗೆ, ಶೇ. 15 ನಗದು ಕೈಯಲ್ಲಿರಲಿ. ನವರಾತ್ರಿಯಲ್ಲಿ ದಿನಕ್ಕೊಂದರಂತೆ ಒಂಬತ್ತು ಬಣ್ಣ ತೊಡುವ ಹುಚ್ಚು ಮುಂಬೈ–ಪುಣೆಯಲ್ಲಿ ಎಷ್ಟಿದೆ ಎಂದು ನಿಮಗೆ ಹೇಳಬೇಕಿಲ್ಲ. ಆದರೆ ಆ ಬಣ್ಣದ ಕುರ್ತಿ ಹತ್ತನೇ ದಿನ ಯಾರಿಗೂ ಬೇಡ, ಬಣ್ಣಕ್ಕೆ ಇಷ್ಟೇ ಪೀಸ್ ಎಂದು ಕಟ್ಟಿಹಾಕಿ.

'ಓಡಲಿಲ್ಲ' ಎನ್ನುವ ಮಾಲನ್ನೆಲ್ಲ ಒಮ್ಮೆ ಸೈಜ್ ಪ್ರಕಾರ ವಿಂಗಡಿಸಿ. ಅರ್ಧಕ್ಕರ್ಧ ಕಟ್ ಸೈಜ್, ಅಂದರೆ ಸೆಟ್ ಒಡೆದು ಉಳಿದ ಬಿಡಿ ಸೈಜ್ ಆಗಿರುತ್ತದೆ. 38, 40, 42, 44 ಒಂದೊಂದು ಇರುವ ಸೆಟ್ ತಂದರೆ 40, 42 ಎರಡನೇ ವಾರಕ್ಕೇ ಮುಗಿದು ಎರಡು ತುದಿಗಳು ಉಳಿಯುತ್ತವೆ. ಡಿಸೈನ್ ಗೆದ್ದಿದೆ, ಸೆಟ್ ಸೋತಿದೆ. ಮಾಲಿನವರ ಹತ್ತಿರ 1:2:2:1ರ ಪ್ಯಾಕಿಂಗ್ ಕೇಳಿ. ತಿರುಪ್ಪೂರು, ಉಲ್ಲಾಸನಗರದ ತಯಾರಕರು ನಾಲ್ಕು ಅಂಗಡಿಯ ಆರ್ಡರ್‌ಗೆ ಇದನ್ನು ಮಾಡಿಕೊಡುತ್ತಾರೆ, ನಡುವಿನ ವ್ಯಾಪಾರಿ ಗೊಣಗುತ್ತಾನೆ. ವಾರಕ್ಕೊಂದು ದಿನ, ಮಂಗಳವಾರ ಎನ್ನಿ, ನಾಲ್ಕೂ ಅಂಗಡಿಯ ಕಟ್ ಸೈಜ್ ಒಂದೇ ಕಡೆ ಸೇರಿಸಿ: ನಾಲ್ಕು ಕಡೆ ಹರಿದು ಹಂಚಿದ್ದು ಒಂದು ಕಡೆ ಪೂರ್ತಿ ಸೆಟ್ ಆಗುತ್ತದೆ. ನಾಲ್ಕೂ ಮಹಾರಾಷ್ಟ್ರದ ಒಂದೇ ಜಿಎಸ್‌ಟಿ ನಂಬರ್‌ನಲ್ಲಿದ್ದರೆ ಡೆಲಿವರಿ ಚಲನ್ ಸಾಕು, ತೆರಿಗೆ ಇಲ್ಲ. ಸಾಗಿಸುವ ಮಾಲು ಒಂದು ಲಕ್ಷ ದಾಟಿದರೆ ಇ–ವೇ ಬಿಲ್ (ಸಾಗಾಣಿಕೆಗೆ ಆನ್‌ಲೈನಿನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ) ಬೇಕು. ಮುಂದೆಂದಾದರೂ ಗೋವಾದಲ್ಲಿ ಅಂಗಡಿ ತೆಗೆದರೆ ಇದು ನಡೆಯದು. ಅಲ್ಲಿ ಬೇರೆ ನಂಬರ್, ನಿಮ್ಮ ಅಂಗಡಿಯಿಂದ ನಿಮ್ಮ ಅಂಗಡಿಗೇ ತೆರಿಗೆ ಬಿಲ್ ಹಾಕಬೇಕು.

ಬೆಲೆ ಕಟ್ಟುವಾಗ ಇನ್ನೊಂದು ಸೂಕ್ಷ್ಮ. 2025ರ ಸೆಪ್ಟೆಂಬರ್ 22ರಿಂದ ಪೀಸ್‌ಗೆ 2,500 ರೂಪಾಯಿವರೆಗಿನ ಉಡುಪಿಗೆ ಶೇ. 5, ಅದರ ಮೇಲೆ ಶೇ. 18. ತೆರಿಗೆ ಸೇರಿಸುವ ಮುಂಚಿನ ಬೆಲೆ 2,500 ಇದ್ದರೆ ಗಿರಾಕಿ ಕೊಡುವುದು 2,625. ಅದೇ 2,501 ಆದರೆ 2,951. ಒಂದು ರೂಪಾಯಿಗೆ 326ರ ನೆಗೆತ! ಮದುವೆಯ ಕುರ್ತಾ, ಜಾಕೆಟ್‌ಗೆ 2,500ರಿಂದ 2,800ರ ನಡುವೆ ಬೆಲೆ ಇಡಲೇಬೇಡಿ, ಒಂದೋ ಕೆಳಗೆ ಇಳಿಸಿ, ಇಲ್ಲವೇ ಮಾಲಿನ ದರ್ಜೆ ಏರಿಸಿ 3,000ದ ಮೇಲೆ ಒಯ್ಯಿರಿ. ರಿಯಾಯಿತಿ ಕೊಟ್ಟ ಮೇಲಿನ ಬೆಲೆಯೇ ಲೆಕ್ಕಕ್ಕೆ ಬರುವುದು, ಬಿಲ್ಲಿಂಗ್ ಸಾಫ್ಟ್‌ವೇರ್ ಅದನ್ನು ತಾನೇ ಹಿಡಿಯುತ್ತದೆಯೋ ಎಂದು ಒಂದು ಬಿಲ್ ಹೊಡೆದು ನೋಡಿ. ಸಾದಾ ಟೀ ಶರ್ಟ್‌ನಲ್ಲಿ ಝುಡಿಯೊದಂಥ ಸೋವಿ ಬಟ್ಟೆಯ ದೊಡ್ಡ ಸರಣಿ ಮಳಿಗೆಗಳ ಜೊತೆ ಬೆಲೆ ಪೈಪೋಟಿಗೆ ಇಳಿಯುವುದು ವ್ಯರ್ಥ. ನಿಮ್ಮ ಬಲ ಹಬ್ಬ, ಮದುವೆ, ದೊಡ್ಡ ಸೈಜ್ ಮತ್ತು ಅಲ್ಲೇ ನಿಂತು ಮಾಡಿಕೊಡುವ ಆಲ್ಟರೇಶನ್.

ಕೆಲಸದವರು

ಪಿಎಫ್ ವಿಷಯದಲ್ಲಿ ನಿಮಗೆ ಸಿಕ್ಕಿರುವುದು ತಪ್ಪು ಸಲಹೆ. ಒಬ್ಬರೇ ಮಾಲೀಕರ ಶಾಖೆಗಳು ಬೇರೆಬೇರೆ ಊರಲ್ಲಿದ್ದರೂ ಒಂದೇ ಸಂಸ್ಥೆ ಎಂದು ಎಣಿಸಲಾಗುತ್ತದೆ. 20 ಜನಕ್ಕೆ ಪಿಎಫ್ ಕಡ್ಡಾಯ, ನಿಮ್ಮಲ್ಲಿ 26 ಇದ್ದಾರೆ. ಹಬ್ಬಕ್ಕೆ ಬಂದ ತಾತ್ಕಾಲಿಕರೂ ತಲೆಲೆಕ್ಕಕ್ಕೆ ಸೇರುತ್ತಾರೆ. ಇಲಾಖೆ ಪತ್ತೆಹಚ್ಚಿದ ದಿನ ಹಿಂದಿನ ಬಾಕಿ, ಬಡ್ಡಿ, ದಂಡ ಎಲ್ಲ ಒಟ್ಟಿಗೆ ನಿಮ್ಮ ತಲೆಮೇಲೆ. ಕೆಲಸದವರ ಪಾಲನ್ನು ಹಿಂದಿನ ತಿಂಗಳ ಸಂಬಳದಿಂದ ಆಗ ಮುರಿದುಕೊಳ್ಳಲೂ ಬರುವುದಿಲ್ಲ. ಐದನೇ ಅಂಗಡಿಗಿಂತ ಮೊದಲು ಇದನ್ನು ಸರಿಮಾಡಿಕೊಳ್ಳಿ. ಬೋನಸ್‌ಗೂ ಇದೇ 20ರ ಮಿತಿ. ತಿಂಗಳಿಗೆ 21,000ದವರೆಗೆ ಸಂಬಳ ಇದ್ದು ವರ್ಷದಲ್ಲಿ 30 ದಿನ ದುಡಿದವರಿಗೆ ಕನಿಷ್ಠ ಶೇ. 8.33. ಗಣಪತಿಗೆ ಸೇರಿ ದೀಪಾವಳಿಗೆ ಬಿಟ್ಟ ಹುಡುಗನಿಗೂ ಅವನ ದುಡಿಮೆಯ ಲೆಕ್ಕದಲ್ಲಿ ಇದು ಸಲ್ಲಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು, 'ಮುಂದಿನ ತಿಂಗಳು ಬಾ' ಎನ್ನುವಂತಿಲ್ಲ.

ಬೋನಸ್ ಪಡೆದು ಬಿಡುತ್ತಾರೆ ಎಂಬ ದೂರಿನ ಬೆಲೆ ಎಷ್ಟೆಂದು ಕಟ್ಟಿ ನೋಡೋಣ. 26ರಲ್ಲಿ 18 ಜನ ಮಾರುವವರು ಎಂದಿಟ್ಟುಕೊಂಡರೆ ಒಬ್ಬೊಬ್ಬರದು ತಿಂಗಳಿಗೆ 1.94 ಲಕ್ಷದ ವ್ಯಾಪಾರ. ಹೊಸಬರು ಮೊದಲ ಎರಡು ತಿಂಗಳು ಶೇ. 60ರಷ್ಟೇ ಮಾರಿದರೆ, ಕೊರತೆಯ ಅರ್ಧವನ್ನು ಉಳಿದವರು ತುಂಬಿಕೊಟ್ಟರೂ, ಬಿಟ್ಟ ಒಬ್ಬೊಬ್ಬರ ಲೆಕ್ಕದಲ್ಲಿ 26,000 ರೂಪಾಯಿಯಷ್ಟು ಮಾರ್ಜಿನ್ ಹೋಗುತ್ತದೆ. ಅದೂ ತುಳಸಿ ಮದುವೆ ಮುಗಿದು ಲಗ್ನದ ಗಿರಾಕಿ ಬರುವ ಹೊತ್ತಿಗೆ. ಹಾಗಾಗಿ ಕಾನೂನಿನ ಬೋನಸ್ ಹಬ್ಬಕ್ಕೆ ಮುಂಚೆ ಪೂರ್ತಿ ಕೊಟ್ಟುಬಿಡಿ, ಅದನ್ನು ತಡೆಹಿಡಿಯುವ ಯೋಚನೆಯೇ ಬೇಡ. ಅದರ ಮೇಲೆ 'ಜನವರಿ 31ರಂದು ಹಾಜರಿ ಪುಸ್ತಕದಲ್ಲಿ ಇರುವವರಿಗೆ 6,000' ಎಂದು ಆಗಸ್ಟ್‌ನಲ್ಲೇ ಅವರು ಓದುವ ಭಾಷೆಯಲ್ಲಿ ಬರೆದು ಅಂಟಿಸಿ. ಮಾತಿಗೆ ತಪ್ಪಿ ಫೆಬ್ರವರಿಗೆ ದೂಡಿದಿರೋ, ಮುಂದಿನ ವರ್ಷ ಆ ಕಾಗದವನ್ನು ಯಾರೂ ನಂಬುವುದಿಲ್ಲ.

ಇನ್ಸೆಂಟಿವ್ ಒಟ್ಟು ವ್ಯಾಪಾರದ ಮೇಲೆ ಶೇ. 1 ಎಂದಿಟ್ಟರೆ ಎಲ್ಲರೂ ಹೊಸ ಮಾಲನ್ನೇ ತೋರಿಸುತ್ತಾರೆ, ಹಳೆಯದು ಮೂಲೆ ಸೇರುತ್ತದೆ. 90 ದಿನ ದಾಟಿದ ಪೀಸ್‌ಗೆ 10 ರೂಪಾಯಿ, 150 ದಾಟಿದ್ದಕ್ಕೆ 25 ಎಂದು ಟ್ಯಾಗ್‌ಗೆ ಬಣ್ಣದ ಚುಕ್ಕಿ ಅಂಟಿಸಿ ನೋಡಿ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಇಡೀ ಅಂಗಡಿಯ ಗುರಿಗೆ ಇರಲಿ, ಇಲ್ಲದಿದ್ದರೆ ಬಾಗಿಲಲ್ಲೇ ಗಿರಾಕಿಗಾಗಿ ಎಳೆದಾಟ.

ಯಾರು ಯಾವಾಗ ರಜೆ ಹೋಗುತ್ತಾರೆ ಎಂಬುದು ಅವರವರ ಊರಿನ ಹಬ್ಬಕ್ಕೆ ಗಂಟುಬಿದ್ದಿರುತ್ತದೆ. ಕೊಂಕಣದವರು ಗಣಪತಿಗೆ ಊರಿಗೆ ಹೋಗಿಯೇ ತೀರುತ್ತಾರೆ, ಬೇಡವೆಂದರೆ ಕೆಲಸ ಬಿಟ್ಟು ಹೋಗುತ್ತಾರೆ. ಆಲ್ಟರೇಶನ್‌ನ ಟೈಲರ್ ಬಿಹಾರದವನಾದರೆ ದೀಪಾವಳಿ ಕಳೆದು ಆರನೇ ದಿನದ ಛಠ್ ಹಬ್ಬಕ್ಕೆ ಊರಿಗೆ ಹೋಗಿ ಇಲ್ಲಿ ಇರುವುದಿಲ್ಲ. ಮದುವೆಯ ಶೇರ್ವಾನಿಗಳು ಹೆಮ್ಮಿಂಗ್‌ಗೆ ಬಂದು ಬೀಳುವುದು ಸರಿಯಾಗಿ ಆಗಲೇ. ನಮ್ಮ ಉತ್ತರ ಕರ್ನಾಟಕದ ಹುಡುಗರಿಗೆ ಊರ ಜಾತ್ರೆ. ಜುಲೈನಲ್ಲೇ ಗೋಡೆಗೊಂದು ಕ್ಯಾಲೆಂಡರ್ ಹಾಕಿ ಎಲ್ಲರ ರಜೆ ಬರೆಸಿಕೊಳ್ಳಿ. ತಾತ್ಕಾಲಿಕರನ್ನು ಗಣಪತಿಗೇ ಸೇರಿಸಿ. ದಸರಾಕ್ಕೆ ಸೇರಿಸಿದರೆ ಸೈಜ್ ಯಾವ ರ‍್ಯಾಕ್‌ನಲ್ಲಿದೆ ಎಂದು ಕಲಿಯುವಷ್ಟರಲ್ಲಿ ಬಲಿಪಾಡ್ಯಮಿ ಬಂದಿರುತ್ತದೆ.

ಪಾಳಿಯನ್ನು ಬಿಲ್ ನೋಡಿ ಹಾಕಿ. ನಾಲ್ಕು ವಾರದ ಬಿಲ್‌ಗಳನ್ನು ಗಂಟೆಗಂಟೆಗೆ ವಿಂಗಡಿಸಿದರೆ ಡೊಂಬಿವಲಿಯಲ್ಲಿ ಸಂಜೆಯ ಲೋಕಲ್ ಇಳಿದ ಮೇಲಿನ ಎರಡು ಗಂಟೆ ಎದ್ದು ಕಾಣುತ್ತದೆ. ಪಿಂಪ್ರಿಯಲ್ಲಿ ಹಲವು ಕಾರ್ಖಾನೆಗಳಿಗೆ ಗುರುವಾರ ರಜೆ, ಅಲ್ಲಿ ಆ ದಿನ ಕೆಲಸದವರಿಗೆ ವಾರದ ರಜೆ ಕೊಡುವುದು ತಪ್ಪು. ಬೆಳಿಗ್ಗೆ ಇಬ್ಬರು ಸಾಕು, ಉಳಿದವರು ಮಧ್ಯಾಹ್ನ 12.30ಕ್ಕೆ ಬರಲಿ. ಸಂಜೆ 5ರಿಂದ 9ಕ್ಕೆ ಕಾಲೇಜು ಹುಡುಗಿಯರು ಸಿಗುತ್ತಾರೆ. ಹೆಚ್ಚುವರಿ ಗಂಟೆಗೆ ದುಪ್ಪಟ್ಟು ದರ ಕೊಡಬೇಕಾದ ಕಾರಣ ಇದು ಅಗ್ಗವೂ ಹೌದು.

ಗಲ್ಲಾಪೆಟ್ಟಿಗೆಯ ಬಳಿ ಮೂರು ಕಡೆ ಸೋರುತ್ತದೆ: ರದ್ದಾದ ಬಿಲ್, ಎಕ್ಸ್‌ಚೇಂಜ್ ಹೆಸರಿನ ಸುಳ್ಳು ವಾಪಸಾತಿ, ಅಂಗಡಿಯ ಕ್ಯೂಆರ್ ಮೇಲೆ ಅಂಟಿಸಿದ ಬೇರೆಯವರ ಕ್ಯೂಆರ್. ಹಬ್ಬದ ಗಲಾಟೆಯಲ್ಲಿ ಮೂರನೆಯದು ಸಂಜೆವರೆಗೂ ಗೊತ್ತಾಗುವುದಿಲ್ಲ. ದಿನಾ ಬಾಗಿಲು ತೆಗೆದ ಕೂಡಲೇ ನಿಮ್ಮದೇ ಫೋನಿನಿಂದ ಒಂದು ರೂಪಾಯಿ ಹಾಕಿ, ಸೌಂಡ್‌ಬಾಕ್ಸ್ ಕೂಗಿದ ಮೇಲೆಯೇ ಬೋಣಿ.

ಮಳೆ, ವಿಮೆ, ಬಾಕಿ

ದಾದರಿನ ಹಿಂದಮಾತಾ ಬಟ್ಟೆ ಬಜಾರಿಗೆ ಎಷ್ಟು ಹೆಸರುವಾಸಿಯೋ ನಿಂತ ನೀರಿಗೂ ಅಷ್ಟೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದದ್ದನ್ನು ಕಲ್ಯಾಣ–ಡೊಂಬಿವಲಿಯವರು ಮರೆತಿರಲಾರರು. ನೆಲಮಹಡಿಯ ಮಾಲು ನೆಲದಿಂದ ಒಂದಡಿ ಮೇಲಿರಲಿ. ವಿಮೆಯ ಮೊತ್ತವನ್ನು ಏಪ್ರಿಲ್ ಸ್ಟಾಕ್ ನೋಡಿ ಕಟ್ಟಬೇಡಿ: ಒಂದು ಅಂಗಡಿಯಲ್ಲಿ 60 ಲಕ್ಷದ ಮಾಲಿದ್ದು ವಿಮೆ 40 ಲಕ್ಷಕ್ಕಿದ್ದರೆ, ವಿಮೆ ಮಾಡಿಸಿದ್ದು ಮೂರರಲ್ಲಿ ಎರಡು ಪಾಲಿಗಷ್ಟೇ ಆದ್ದರಿಂದ, 9 ಲಕ್ಷದ ಮಾಲು ನೆಂದಾಗ ಅದೇ ಅನುಪಾತದಲ್ಲಿ ಕೈಗೆ ಬರುವುದು 6 ಲಕ್ಷ. ಹಬ್ಬದ ಎರಡು ತಿಂಗಳಿಗೆ ಮೊತ್ತ ಏರಿಸಿಕೊಳ್ಳಿ, ಬೇಸ್‌ಮೆಂಟ್ ಗೋಡೌನ್ ಇದ್ದರೆ ಪಾಲಿಸಿಯಲ್ಲಿ ಬರೆಸಿ, ಕಳ್ಳತನಕ್ಕೆ ಬೇರೆ ಪಾಲಿಸಿ.

ಮಾಲಿನವರ ಉದ್ರಿ ಬಗ್ಗೆ ಎರಡು ತಾರೀಖು ನೆನಪಿಡಿ. ಬಿಲ್ ಆಗಿ 180 ದಿನದೊಳಗೆ ದುಡ್ಡು ಕೊಡದಿದ್ದರೆ ಅದರ ಜಿಎಸ್‌ಟಿ ಕ್ರೆಡಿಟ್ (ಖರೀದಿ ಬಿಲ್‌ನ ತೆರಿಗೆಯನ್ನು ನಿಮ್ಮ ತೆರಿಗೆಯಲ್ಲಿ ವಜಾ ಹಿಡಿದದ್ದು) ಬಡ್ಡಿಸಮೇತ ವಾಪಸ್ ಕಟ್ಟಬೇಕು. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರಕಾರಿ ನೋಂದಣಿ) ಇರುವ ಕಿರು, ಸಣ್ಣ ತಯಾರಕರಿಗೆ 45 ದಿನ, ಬರಹದ ಕರಾರಿಲ್ಲದಿದ್ದರೆ 15 ದಿನ. ತಪ್ಪಿ ಮಾರ್ಚ್ 31 ದಾಟಿಸಿದರೆ ಆ ಖರೀದಿ ಆ ವರ್ಷದ ಖರ್ಚಾಗಿ ಆದಾಯ ತೆರಿಗೆಯಲ್ಲಿ ನಿಲ್ಲುವುದಿಲ್ಲ. ಉಲ್ಲಾಸನಗರದ ಜೀನ್ಸ್ ತಯಾರಕನಿಗೆ ಇದು ಅನ್ವಯ, ಬರೀ ವ್ಯಾಪಾರ ಮಾಡುವ ಮುಂಬೈಯ ಮಂಗಳದಾಸ್ ಬಟ್ಟೆ ಮಾರ್ಕೆಟ್‌ನವನಿಗೆ ಅಲ್ಲ. ಮಾರ್ಚ್‌ನಲ್ಲಿ ಯಾರಿಗೆ ಮೊದಲು ಚೆಕ್ ಬರೆಯಬೇಕು ಎಂಬುದಕ್ಕೆ ಇದೇ ಉತ್ತರ.

ಮಾಲ್ ಜಾಗ

ಈ ವರ್ಷ ಬೇಡ ಎಂಬುದು ನನ್ನ ಅಭಿಪ್ರಾಯ. ಲೆಕ್ಕ ಹೀಗೆ. ಬಾಡಿಗೆ ಹಾಕುವ ವಿಸ್ತೀರ್ಣ 1,000 ಚದರಡಿ ಎಂದರೆ ನಿಮ್ಮ ಕೈಗೆ ಸಿಗುವ ಕಾರ್ಪೆಟ್ (ಗೋಡೆಯೊಳಗಿನ ಬಳಕೆಯ ಜಾಗ) 600ರ ಆಸುಪಾಸು. ಚದರಡಿಗೆ 180 ಬಾಡಿಗೆ, 30 ನಿರ್ವಹಣೆ ಎಂದು ಹಿಡಿದರೆ ತಿಂಗಳಿಗೆ 2.1 ಲಕ್ಷ. ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ವಾರವಿಡೀ ತೆಗೆದಿರಬೇಕಾದ್ದರಿಂದ ಏಳು ಜನ ಬೇಕೇಬೇಕು, ತಲೆಗೆ 18,000ದಂತೆ 1.26 ಲಕ್ಷ. ಕರೆಂಟು 35,000, ಇತರೆ 30,000. 18 ಲಕ್ಷದ ಫರ್ನಿಚರ್‌ನ್ನು 36 ತಿಂಗಳಿಗೆ ಹಂಚಿದರೆ 50,000. ಒಟ್ಟು 4.51 ಲಕ್ಷ. ಶೇ. 34 ಮಾರ್ಜಿನ್‌ನಲ್ಲಿ ಇದನ್ನು ದುಡಿಯಲು ತಿಂಗಳಿಗೆ 13.26 ಲಕ್ಷದ ವ್ಯಾಪಾರ ಬೇಕು. ನಿಮ್ಮ ಈಗಿನ ಅಂಗಡಿಗಳ ಸರಾಸರಿ 8.75 ಲಕ್ಷ. ಬಿಲ್ ಸರಾಸರಿ 1,400 ಎಂದರೆ ದಿನಕ್ಕೆ 32 ಬಿಲ್, ಒಳಬಂದ ಐವರಲ್ಲಿ ಒಬ್ಬರು ಕೊಂಡರೆ ದಿನಕ್ಕೆ 160 ಜನ ಒಳಬರಬೇಕು. ಲಾಭದ ಮಾತಲ್ಲ ಇದು, ಬರೀ ಖರ್ಚು ಹುಟ್ಟಲಿಕ್ಕೆ.

ಬಾಡಿಗೆ ಕಾಯುವುದಿಲ್ಲ. ಬಿಗ್ ಬಜಾರ್ ನಡೆಸುತ್ತಿದ್ದ ಮುಂಬೈಯ ಫ್ಯೂಚರ್ ರೀಟೇಲ್‌ನಂಥ ದೈತ್ಯ ಸಂಸ್ಥೆಯೇ ಕೋವಿಡ್ ಏಟು, ಸಾಲ, ಬಾಡಿಗೆ ಬಾಕಿಯ ನಡುವೆ ಸಿಕ್ಕಿ 2022ರ ಫೆಬ್ರವರಿಯಲ್ಲಿ ನೂರಾರು ಮಳಿಗೆಗಳನ್ನು ಕಳೆದುಕೊಂಡಿತು, ಅದೇ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು.

ಒಂದು ದೀಪಾವಳಿ ಕಳೆದು, ಮಾಲು ವರ್ಷಕ್ಕೆ ಎರಡೂವರೆ ಸಲವಾದರೂ ತಿರುಗುತ್ತಿದೆ ಎಂದಾದರೆ ಮತ್ತೆ ಮಾತಾಡಿ. ಆಗ ಕರಾರಿನಲ್ಲಿ ಲಾಕ್–ಇನ್ (ಇಷ್ಟು ಅವಧಿ ಕರಾರು ಮುರಿಯುವಂತಿಲ್ಲ ಎಂಬ ಷರತ್ತು) ಮಾಲ್‌ನವರಿಗೂ ಇದೆಯೋ ನಿಮಗೊಬ್ಬರಿಗೇ ಇದೆಯೋ ಎಂಬ ಸಾಲನ್ನು ಮೊದಲು ಓದಿ. ಕನಿಷ್ಠ ಬಾಡಿಗೆ ಮತ್ತು ವ್ಯಾಪಾರದ ಪಾಲು ಇವೆರಡರಲ್ಲಿ ಯಾವುದು ಹೆಚ್ಚೋ ಅದು ಎಂದಿದ್ದರೆ, ಮೊದಲ ವರ್ಷ ಪಾಲು ಮಾತ್ರ ಎಂದು ಕೇಳಿ. ಕರಾರು ನೋಂದಣಿಯಾಗಲೇಬೇಕು. ಅದಕ್ಕೂ ಮೊದಲು ಜುಲೈ ತಿಂಗಳ ಒಂದು ಮಳೆಯ ಮಂಗಳವಾರ ಸಂಜೆ 6ರಿಂದ 9ರವರೆಗೆ ಆ ಮಹಡಿಯಲ್ಲಿ ನಿಂತು, ಬಟ್ಟೆ ಅಂಗಡಿಗಳಿಂದ ಕೈಯಲ್ಲಿ ಚೀಲ ಹಿಡಿದು ಹೊರಬರುವವರನ್ನು ಎಣಿಸಿ.